ರಿಜಿಸ್ಟರಿನ ಕೊನೆಯ ಕಾಲಂ

ಜನವರಿ ೮

ಅಪ್ಪನಿಗೆ,

ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ ಎಂದು ಅತ್ತೆ ಹೇಳಿದರು. ಅದಕ್ಕೆ ಬರೆಯುತ್ತಿದ್ದೇನೆ. ಇದು ಕೆಲಸದ ಕಾಗದ.

ನಮ್ಮ ಆಸ್ಪತ್ರೆಯಲ್ಲಿ ಈ ವರ್ಷದಿಂದ ಎದೆರೋಗದ ವಿಭಾಗ ಬೇರೆಯಾಗಿದೆ. ಆಸ್ತಮಾದವರಿಗೆ ಕೊಡುವ ಥಿಯೋಫಿಲಿನ್ ಗುಳಿಗೆ ಅವರ ರಕ್ತದಲ್ಲಿ ಎಷ್ಟಿದೆ ಎಂದು ಇನ್ನು ಮುಂದೆ ಇಲ್ಲೇ ಅಳೆದು ಹೇಳಬೇಕು. ನನ್ನ ಲ್ಯಾಬಿನಲ್ಲಿ ಇಷ್ಟು ದಿನ ಸಕ್ಕರೆ, ಉಪ್ಪು, ರಕ್ತಕಣಗಳದ್ದೇ ಕೆಲಸ. ಔಷಧಿ ಅಳೆದು ನನಗೆ ಅಭ್ಯಾಸವಿಲ್ಲ. ಯಾವ ವಿಧಾನ ಸರಿ ಎಂದು ನೋಡಿ ಏಪ್ರಿಲ್ ಹೊತ್ತಿಗೆ ಹೇಳು ಎಂದು ದೊಡ್ಡ ಡಾಕ್ಟರು ನನ್ನ ತಲೆಗೆ ಕಟ್ಟಿದ್ದಾರೆ.

ಮೂರು ದಾರಿಗಳಿವೆ. ಒಂದು, ನೀವು ಮಾಡುತ್ತಿದ್ದ ಬೆಳಕಿನ ವಿಧಾನ. ಯಂತ್ರ ಆಗಲೇ ನಮ್ಮ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಎರಡು, ಹೊಸ ಕಿಟ್‌ಗಳದ್ದು. ಹತ್ತು ನಿಮಿಷದಲ್ಲಿ ಉತ್ತರ, ಆದರೆ ಕಿಟ್ ತರಿಸುತ್ತಲೇ ಇರಬೇಕು. ಮೂರು, ಉದ್ದ ಉಕ್ಕಿನ ಕೊಳವೆಯ ಯಂತ್ರ. ಬಹಳ ನಿಖರ, ಬಹಳ ನಿಧಾನ, ಪಳಗಿದ ಕೈ ಬೇಕು. ಸ್ಟೋರ್ಸ್‌ನವರು ಮೊದಲನೆಯದರ ಕಡೆ ಇದ್ದಾರೆ. ಇರುವುದನ್ನು ಬಿಟ್ಟು ಬೇರೆ ಯಾಕೆ ಎಂದು ಅವರ ವಾದ.

ಬೆಳಕಿನ ವಿಧಾನವನ್ನು ಹತ್ತಾರು ವರ್ಷ ಮಾಡಿದವರು ನನಗೆ ಗೊತ್ತಿರುವ ಮಟ್ಟಿಗೆ ನೀವೊಬ್ಬರೇ. ನಿಮ್ಮ ಅಭಿಪ್ರಾಯ ಬರೆಯಿರಿ. ಆ ಕಪ್ಪು ರಟ್ಟಿನ ರಿಜಿಸ್ಟರನ್ನು ಆಸ್ಪತ್ರೆಯವರು ಎಸೆದಾಗ ನೀವು ಮನೆಗೆ ತಂದಿದ್ದಿರಿ. ಅದನ್ನೂ ಕಳಿಸಿ. ಅಮ್ಮನ ಪುಟಗಳು ಅದರಲ್ಲಿವೆ ಎಂದು ಗೊತ್ತು. ಅವೂ ಬೇಕು.

ಇಂತಿ,
ನಿಮ್ಮ ಮಗಳು

*

ಜನವರಿ ೧೯

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಮೂವತ್ತೆಂಟು ವರ್ಷದವಳನ್ನು ಪುಟ್ಟಿ ಎನ್ನಬಾರದು ಎಂದು ನಿನ್ನ ಅತ್ತೆ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ನನಗೆ ಅರ್ಧ ಮಾತು ಕೇಳಿಸುವುದಿಲ್ಲವಲ್ಲ, ಅದು ಆ ಅರ್ಧದಲ್ಲಿ ಹೋಯಿತು.

ನಿನ್ನ ಕಾಗದ ಬಂದ ದಿನ ಕೆಳಗಿನ ಗಡಿಯಾರ ರಿಪೇರಿಯವನು ಮಾಳಿಗೆ ಹತ್ತಿ ಬಂದು, "ಯಜಮಾನ್ರೇ, ನಿಮಗೆ ಕಾಗದ! ತೆರಿಗೆಯವರದ್ದಲ್ಲ, ಮನುಷ್ಯರದ್ದು!" ಎಂದು ಕೂಗಿದ. ಕಾಗದದ ತಲೆಯ ಮೇಲೆ ಆಸ್ಪತ್ರೆಯ ಮುದ್ರೆ ಇತ್ತು. ಮೊದಲು ಹೆದರಿದೆ. ಆಮೇಲೆ ನಿನ್ನ ಅಕ್ಷರ ಕಂಡಿತು. ಅಕ್ಷರ ಸಣ್ಣದಾಗಿದೆ. ಚಿಕ್ಕವಳಿದ್ದಾಗ ಒಂದು ಪುಟಕ್ಕೆ ಐದು ಸಾಲು ಬರೆಯುತ್ತಿದ್ದೆ.

ಕೆಲಸದ ಮಾತಿಗೆ ಬರುತ್ತೇನೆ. ಬೆಳಕಿನ ವಿಧಾನ ಎಂದರೆ ಏನು? ರಕ್ತವನ್ನು ತಿಳಿ ಮಾಡಿ, ಕ್ಲೋರೋಫಾರ್ಮ್ ಹಾಕಿ ಕುಲುಕಿ, ಇಳಿದದ್ದನ್ನು ಬಸಿದು, ಕ್ಷಾರಕ್ಕೆ ಎಳೆದುಕೊಂಡು, ಅದರ ಮೂಲಕ ಕಣ್ಣಿಗೆ ಕಾಣದ ಬೆಳಕನ್ನು ಹಾಯಿಸುವುದು. ಎಷ್ಟು ಬೆಳಕು ತಡೆಯಿತೋ ಅಷ್ಟು ಔಷಧಿ. ಹತ್ತಕ್ಕಿಂತ ಕಡಿಮೆ ಬಂದರೆ ಗುಳಿಗೆ ಸಾಲದು. ಇಪ್ಪತ್ತು ದಾಟಿದರೆ ಗುಳಿಗೆಯೇ ವಿಷ, ಎದೆ ಹಾರುತ್ತದೆ, ವಾಂತಿ, ಮೂರ್ಛೆ. ಕುಲುಕಿ ಕುಲುಕಿ ನನ್ನ ಬಲಗೈ ಇಂದಿಗೂ ಚಮಚ ಹಿಡಿದರೆ ತಾನೇ ಕುಲುಕುತ್ತದೆ. ನಿನ್ನ ಅತ್ತೆಯ ಸಾರಿನಲ್ಲಿ ತಳಕ್ಕೆ ಇಳಿಯುವುದು ಏನೂ ಇರುವುದಿಲ್ಲ, ಅದು ಬೇರೆ ವಿಷಯ.

ಆದರೆ ಪುಟ್ಟಿ, ಬೆಳಕಿನ ಯಂತ್ರ ಬಾಗಿಲು ಕಾಯುವವನ ಹಾಗೆ. ಒಂದೇ ಬಣ್ಣದ ಅಂಗಿ ತೊಟ್ಟವರನ್ನೆಲ್ಲ ಒಂದೇ ಮನೆಯವರೆಂದು ಎಣಿಸಿ ಒಳಗೆ ಬಿಡುತ್ತಾನೆ. ಕೊಳವೆಯ ಯಂತ್ರ ಹಾಗಲ್ಲ, ಎಲ್ಲರನ್ನೂ ಇಕ್ಕಟ್ಟಾದ ಓಣಿಯಲ್ಲಿ ನಡೆಸಿ, ಯಾರು ಯಾವಾಗ ಆಚೆ ತುದಿಗೆ ಬಂದರೆಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತದೆ. ಅದನ್ನು ತೆಗೆದುಕೋ. ಆಗದಿದ್ದರೆ ಕಿಟ್ ತೆಗೆದುಕೋ. ಬೆಳಕಿನದು ಬೇಡ. ಯಾಕೆ ಎಂದು ಕೇಳಬೇಡ, ಹಳೆಯ ಕೈಯ ಮಾತು ಎಂದುಕೋ.

ರಿಜಿಸ್ಟರ್ ಭಾರ, ಅಂಚೆಯಲ್ಲಿ ಹರಿದುಹೋದೀತು. ಬೇಕಾದ ಪುಟಗಳನ್ನು ನಾನೇ ನಕಲು ಮಾಡಿ ಇಟ್ಟಿದ್ದೇನೆ. ನಿನ್ನ ಅಮ್ಮನದೂ ಇದೆ.

ಅಲ್ಲಿ ಚಳಿಯೇ? ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಪ್ಪ

(ಅಡಿಯಲ್ಲಿ ಅತ್ತೆಯ ಅಕ್ಷರ:) ನಕಲು ಮಾಡೋಕೆ ಮೂರು ದಿನ ತಗೊಂಡ, ಊಟಕ್ಕೂ ಏಳಲಿಲ್ಲ. ಸಾರಿನ ಬಗ್ಗೆ ಬರೆದದ್ದೆಲ್ಲ ಸುಳ್ಳು.

*

ಫೆಬ್ರವರಿ ೨

ಅಪ್ಪನಿಗೆ,

ಪುಟಗಳು ತಲುಪಿದವು. ನೀವು ಮಾಡಿದ ನಕಲಿನಲ್ಲಿ ನಾಲ್ಕು ಕಾಲಂಗಳಿವೆ. ದಿನ, ರೋಗಿ, ಗುಳಿಗೆ, ಅಂಕಿ. ನನಗೆ ನೆನಪಿರುವ ರಿಜಿಸ್ಟರಿನಲ್ಲಿ ಐದಿದ್ದವು. ಬಲಗಡೆ ಕೊನೆಗೆ ಅಗಲವಾದ ಒಂದು ಕಾಲಂ, ಮೇಲೆ "ಷರಾ" ಎಂದು ನೇರಳೆ ಶಾಯಿಯಲ್ಲಿ. ರೋಗಿಯ ಬಗ್ಗೆ ಏನಾದರೂ ವಿಶೇಷ ಇದ್ದರೆ ನೀವು ಅಲ್ಲಿ ಗುರುತು ಹಾಕುತ್ತಿದ್ದಿರಿ. ನಾನು ಶಾಲೆ ಬಿಟ್ಟು ಬಂದು ನಿಮ್ಮ ಮೇಜಿನ ತುದಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಅದನ್ನು ಯಾಕೆ ಬಿಟ್ಟಿರಿ?

ಯಾಕೆ ಎಂದು ಕೇಳಬೇಡ ಎನ್ನುತ್ತೀರಿ. ನಮ್ಮ ಸಭೆಯಲ್ಲಿ ಹಳೆಯ ಕೈಯ ಮಾತು ನಡೆಯುವುದಿಲ್ಲ. ಕಾರಣ ಬೇಕು.

ಅಮ್ಮನ ಅಂಕಿಗಳನ್ನು ನೋಡಿದೆ. ಆಗಸ್ಟ್, ಮೂರು ಗುಳಿಗೆ, ಹದಿನಾಲ್ಕು. ಸೆಪ್ಟೆಂಬರ್, ಮೂರು ಗುಳಿಗೆ, ಹದಿನೆಂಟು. ಅಕ್ಟೋಬರ್, ಮೂರು ಗುಳಿಗೆ, ಇಪ್ಪತ್ತೆರಡು. ಡಾಕ್ಟರು ಎರಡಕ್ಕೆ ಇಳಿಸಿದರು. ನವೆಂಬರ್, ಎರಡು ಗುಳಿಗೆ, ಹತ್ತೊಂಬತ್ತು. ಮತ್ತೆ ಇಳಿಸಿ ಒಂದಾಯಿತು. ಡಿಸೆಂಬರ್ ಎಂಟಕ್ಕೆ ಅಮ್ಮ ಇರಲಿಲ್ಲ.

ನನಗಾಗ ಹದಿಮೂರು. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. "ಎದೆ ಬಿಗೀತಿದೆ ಕಣ್ರೀ" ಎಂದು ಅಮ್ಮ ಹೇಳಿದಳು. ನೀವು, "ಅಂಕಿ ಸುಳ್ಳು ಹೇಳುತ್ತಾ? ಔಷಧಿ ನಿನ್ನ ರಕ್ತದಲ್ಲಿ ತುಂಬಿ ತುಳುಕ್ತಿದೆ. ನೀನು ಸುಮ್ಮನೆ ಹೆದರ್ತಿದ್ದೀಯ" ಎಂದಿರಿ. ಆಮೇಲೆ ಗುಳಿಗೆ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಿರಿ. ಕದ್ದು ನುಂಗುತ್ತಿದ್ದಾಳೆ ಎಂದು. ಆ ಬೀಗದ ಸದ್ದು ನನಗೆ ಇಂದಿಗೂ ಕೇಳುತ್ತದೆ. ನಿಮ್ಮದೇ ಕೆಲಸ ಕಲಿತು ಬಂದೆ, ನಿಮ್ಮ ಹಾಗೆ ಮಾತ್ರ ಆಗಬಾರದು ಎಂದುಕೊಂಡು.

ಅದಾಗಿ ನಾಲ್ಕು ವರ್ಷಕ್ಕೆ, ನಾನು ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಬಂದ ದಿನ, ನಿಮಗೆ ಕಾಫಿ ಮಾಡಿ ತಂದೆ. ನೀವು ಲೋಟ ನೋಡಿದಿರಿ, ನನ್ನ ಮುಖ ನೋಡಿದಿರಿ, "ನಾನು ಕಾಫಿ ಬಿಟ್ಟೆ" ಎಂದು ಎದ್ದು ಹೊರಗೆ ಹೋದಿರಿ. ಆವತ್ತಿನಿಂದ ನನ್ನ ಕೈಯಿಂದ ಒಂದು ಲೋಟವೂ ಮುಟ್ಟಲಿಲ್ಲ. ಕೆಲಸದ ಕಾಗದದಲ್ಲಿ ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಐದನೆಯ ಕಾಲಂ ಕಳಿಸಿ.

ನಿಮ್ಮ ಮಗಳು

*

ಫೆಬ್ರವರಿ ೨೦

ಪುಟ್ಟಿ,

ನೀನು ಬರೆದದ್ದೆಲ್ಲ ನಿಜ. ಬೀಗ ಹಾಕಿದ್ದೂ ನಿಜ. ಅದರ ಬಗ್ಗೆ ನಾನು ಎದುರು ಹೇಳುವುದು ಏನೂ ಇಲ್ಲ.

ಷರಾ ಕಾಲಂನಲ್ಲಿ ಉಪಯೋಗದ್ದು ಇಲ್ಲ. ಹಾಳುಮೂಳು. ಅಲ್ಲದೆ ಆ ಪುಟಗಳ ಬಲ ಅಂಚನ್ನು ಇಲಿ ತಿಂದಿದೆ.

ಕೊಳವೆಯ ಯಂತ್ರವನ್ನೇ ಆರಿಸು. ಸಭೆಗೆ ಕಾರಣ ಬೇಕೆಂದರೆ ನಿಖರ ಎಂದು ಹೇಳು, ಸಾಕು.

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ.

ಅಪ್ಪ

(ಅಡಿಯಲ್ಲಿ:) ಈ ಮನೆಯಲ್ಲಿ ಇಲಿ ಇಲ್ಲ ಪುಟ್ಟಿ. ಗಡಿಯಾರದವನ ಬೆಕ್ಕು ಇಡೀ ದಿನ ನನ್ನ ಕಾಲಡಿಯಲ್ಲೇ ಬಿದ್ದಿರುತ್ತೆ. ನಿನ್ನ ಅಪ್ಪ ಸುಳ್ಳು ಹೇಳೋಕೆ ಯಾವತ್ತೂ ಕಲೀಲಿಲ್ಲ. ಅತ್ತೆ.

*

ಮಾರ್ಚ್ ೩

ಅಪ್ಪನಿಗೆ,

ಇಲ್ಲಿ ನಡೆದದ್ದನ್ನು ಹೇಳಬೇಕು. ಬೇರೆ ಯಾರಿಗೆ ಹೇಳಲಿ ಎಂದು ತಿಳಿಯಲಿಲ್ಲ.

ಒಂದೇ ರಕ್ತವನ್ನು ಮೂರೂ ವಿಧಾನದಲ್ಲಿ ನೋಡಿ ಹೋಲಿಸಬೇಕೆಂದು ಹದಿನೈದು ದಿನದಿಂದ ಓಡಾಡುತ್ತಿದ್ದೆ. ಕೊಳವೆಯ ಯಂತ್ರ ನಮ್ಮಲ್ಲಿಲ್ಲ, ಕಾಲೇಜಿನವರಿಗೆ ಕಳಿಸಬೇಕು. ಹಳೆಯ ಯಂತ್ರದ ಬಟ್ಟೆ ತೆಗೆದು ಒರೆಸಿ ನಾನೇ ಓಡಿಸಿದೆ. ಕ್ಲೋರೋಫಾರ್ಮ್ ವಾಸನೆ ಬಂದ ಕೂಡಲೇ ನಿಮ್ಮ ಅಂಗಿಯ ತೋಳು ನೆನಪಾಯಿತು.

ರೋಗಿಗಳಲ್ಲಿ ಒಬ್ಬ ಬೇಕರಿಯವನು. ದೊಡ್ಡ ದೇಹ, ಹುಬ್ಬಿನ ಮೇಲೂ ಹಿಟ್ಟು. ಹಿಟ್ಟಿನ ಧೂಳಿಗೇ ಅವನಿಗೆ ಉಬ್ಬಸ, ಹಿಟ್ಟೇ ಅವನ ಅನ್ನ. "ಖಾಲಿ ಹೊಟ್ಟೇಲಿ ಬಂದಿದ್ದೀರಾ?" ಎಂದೆ. "ಒಂದು ಚೂರು ಬ್ರೆಡ್ಡೂ ಬಾಯಿಗಿಟ್ಟಿಲ್ಲ ಮೇಡಂ. ಇಡೀ ಬೇಕರಿ ಕಣ್ಮುಂದೆ ಇತ್ತು, ಆದರೂ ಇಟ್ಟಿಲ್ಲ. ಇದಕ್ಕೊಂದು ಪದಕ ಕೊಡಿ" ಎಂದ.

ಬೆಳಕಿನ ಯಂತ್ರದಲ್ಲಿ ಅವನದು ಇಪ್ಪತ್ತೆರಡು ಬಂತು. ಎದೆಯ ಡಾಕ್ಟರಿಗೆ ತಾಳ್ಮೆ ಇಲ್ಲ, ಫೋನ್ ಮಾಡಿ ಕೇಳಿದರು. ಹೇಳಿದೆ. "ಇಪ್ಪತ್ತೆರಡಾ? ಹಾಗಾದ್ರೆ ಗುಳಿಗೆ ಅರ್ಧ ಮಾಡ್ತೀನಿ. ಸಹಿ ಹಾಕಿ ಕಳ್ಸಿ" ಎಂದರು. ಬೇಕರಿಯವನು ಆಚೆ ಬೆಂಚಿನ ಮೇಲೆ ಕೂತಿದ್ದ. ಭುಜ ಎರಡೂ ಏರಿ ಇಳಿಯುತ್ತಿದ್ದವು, ಎದೆಯಿಂದ ಸಿಳ್ಳು. ಕೇಳಿಸಿಕೊಂಡು ನಕ್ಕ. "ಇನ್ನೂ ಕಮ್ಮಿ ಮಾಡ್ತಾರಾ? ಈಗಲೇ ನಾಲ್ಕು ಮೆಟ್ಟಿಲು ಹತ್ತಿದ್ರೆ ಹಿಟ್ಟಿನ ಚೀಲದ ಥರ ಕುಸೀತೀನಿ. ನಿಮ್ಮ ಅಂಕಿಗೇನು ಮೇಡಂ, ಅದಕ್ಕೆ ಮೆಟ್ಟಿಲು ಹತ್ತೋ ಕೆಲಸ ಇಲ್ಲ."

ಪೆನ್ನು ಕೈಯಲ್ಲಿತ್ತು. ಸಹಿ ಹಾಕಲು ಆಗಲಿಲ್ಲ ಅಪ್ಪ. ಆ ಸಿಳ್ಳು ನಾನು ಕೇಳಿದ ಸಿಳ್ಳು.

ಕಿಟ್‌ನಲ್ಲಿ ಹಾಕಿದೆ. ಹದಿನಾಲ್ಕು. ಕಾಲೇಜಿಗೆ ಕಳಿಸಿದೆ. ಕೊಳವೆಯ ಯಂತ್ರದಲ್ಲಿ ಹದಿಮೂರೂವರೆ. ನಮ್ಮ ಬೆಳಕಿನ ಯಂತ್ರ ಎಂಟರಷ್ಟು ಎಲ್ಲಿಂದಲೋ ತಂದು ಸೇರಿಸಿತ್ತು. ಮತ್ತೆ ಅವನನ್ನು ಕರೆದು ಕೂರಿಸಿಕೊಂಡು ಕೇಳಿದೆ. "ತಿನ್ನೋದು ಬಿಡಿ, ಏನಾದ್ರೂ ಕುಡಿದಿದ್ರಾ?"

"ಕುಡಿಯೋದಾ? ಬರೀ ಕಾಫಿ. ಕಾಫಿ ಏನು ಊಟಾನಾ ಮೇಡಂ? ಒಲೆ ಮುಂದೆ ನಿಂತು ಏಳೆಂಟು ಲೋಟ ಆಗುತ್ತೆ. ಕಡುವಾಗಿ ಕುಡಿದ್ರೆ ಎದೆ ಸ್ವಲ್ಪ ಬಿಚ್ಚುತ್ತೆ."

ಕಾಫಿಯಲ್ಲಿರುವುದು ಈ ಔಷಧಿಯ ಹತ್ತಿರದ ನಂಟ ಎಂದು ಯಾವುದೋ ಪುಸ್ತಕದಲ್ಲಿ ಓದಿದ್ದೆ. ಮೈಯೊಳಗೆ ಅದು ಒಡೆದು ಆಗುವ ತುಂಡುಗಳು ಬೆಳಕಿನ ಯಂತ್ರಕ್ಕೆ ಔಷಧಿಯ ಹಾಗೆಯೇ ಕಾಣುತ್ತವೆ. ಪರೀಕ್ಷೆಗೆ ಓದಿ, ಬರೆದು, ಮರೆತ ಸಾಲು. ಒಂದೇ ಬಣ್ಣದ ಅಂಗಿ ಎಂದಿರಲ್ಲ, ಅದು ಇದೇ ಅಲ್ಲವೇ?

ಬೇಕರಿಯವನ ಗುಳಿಗೆ ಕಡಿಮೆಯಾಗಲಿಲ್ಲ. ಜೊತೆಗೆ ಬಾಯಲ್ಲಿ ಎಳೆದುಕೊಳ್ಳುವ ಔಷಧಿಯೊಂದನ್ನು ಕೊಟ್ಟಿದ್ದಾರೆ. ನಿನ್ನೆ ಬಂದು ಮೆಟ್ಟಿಲು ಹತ್ತಿ ತೋರಿಸಿ ಹೋದ.

ಈಗ ಒಂದೇ ಪ್ರಶ್ನೆ. "ಎದೆ ಸ್ವಲ್ಪ ಬಿಚ್ಚುತ್ತೆ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವನ ಬಾಯಿಂದಲ್ಲ. ಅಮ್ಮ ನಿಮ್ಮ ಲ್ಯಾಬಿಗೆ ಬರುವ ಮುಂಚೆ ಖಾಲಿ ಹೊಟ್ಟೆಯಲ್ಲೇ ಇರುತ್ತಿದ್ದಳು, ನನಗೆ ಚೆನ್ನಾಗಿ ನೆನಪಿದೆ. ಆದರೆ ನಮ್ಮ ಮನೆಯಲ್ಲೂ ಕಾಫಿಯನ್ನು ಯಾರೂ ಊಟ ಎಂದು ಎಣಿಸುತ್ತಿರಲಿಲ್ಲ.

ಇಲ್ಲ ಎಂದು ಬರೆಯಿರಿ. ನೀವು ಇಲ್ಲ ಎಂದರೆ ನಂಬುತ್ತೇನೆ.

ಪುಟ್ಟಿ

*

ಮಾರ್ಚ್ ೧೨

ಪುಟ್ಟಿಗೆ ಅತ್ತೆ ಬರೆದದ್ದು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ನಿನ್ನ ಅಪ್ಪ ಅದನ್ನು ಓದಿ, ಮಡಚಿ, ದಿಂಬಿನ ಕೆಳಗಿಟ್ಟುಕೊಂಡು ಗೋಡೆ ನೋಡುತ್ತಾ ಮಲಗಿದ್ದಾನೆ. "ಏನಂತೆ?" ಎಂದರೆ, "ಕೇಳಿಸಲಿಲ್ಲ" ಅಂತಾನೆ. ಈ ಕಿವುಡನ ಆಟ ನನ್ನ ಹತ್ತಿರವಾ?

ಉತ್ತರ ಬರೆಯೋಕೆ ಕೂರುತ್ತಾನೆ. "ಇಲ್ಲ" ಎಂದು ಒಂದು ಪದ ಬರೆಯುತ್ತಾನೆ, ಹರಿಯುತ್ತಾನೆ. ಕಸದ ಬುಟ್ಟಿ ತುಂಬ ಬರೀ "ಇಲ್ಲ". ನನಗೆ ನಿಮ್ಮ ಯಂತ್ರ ಗಿಂತ್ರ ಅರ್ಥವಾಗುವುದಿಲ್ಲ. ಆದರೆ ನನ್ನ ಅಣ್ಣ ಇಪ್ಪತ್ತೊಂದು ವರ್ಷದಿಂದ ಏನನ್ನೋ ನುಂಗಲಾರದೆ ಉಗುಳಲಾರದೆ ಬಾಯಲ್ಲಿಟ್ಟುಕೊಂಡಿದ್ದಾನೆ ಎಂದು ಗೊತ್ತು.

ಅವನು ಗಡಿಯಾರದವನ ಜೊತೆ ನಡೆಯಲು ಹೋದಾಗ ಪೆಟ್ಟಿಗೆಯಿಂದ ರಿಜಿಸ್ಟರ್ ತೆಗೆದೆ. ಹಳೇ ಸೀರೆ ಸುತ್ತಿ ಕಳಿಸುತ್ತಿದ್ದೇನೆ. ಸೀರೆ ನಿನ್ನ ಅಮ್ಮನದು, ಬಿಚ್ಚುವಾಗ ಜೋಪಾನ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಕಟ್ಟಿದ ಗಂಟನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟುತ್ತಿರಲಿಲ್ಲ.

ಅತ್ತೆ

*

ಮಾರ್ಚ್ ೧೭

ಅಪ್ಪ,

ರಿಜಿಸ್ಟರ್ ಬಂತು. ಇಲಿ ತಿಂದಿಲ್ಲ.

ಆಗಸ್ಟ್. ಷರಾ: ಖಾಲಿ ಹೊಟ್ಟೆ. ಗುಳಿಗೆ ಆರು ಗಂಟೆಗೆ.

ಸೆಪ್ಟೆಂಬರ್. ಷರಾ: ಕಾಫಿ ಒಂದು ಲೋಟ. ಪುಟ್ಟಿ ತಾನೇ ಒಲೆ ಹಚ್ಚಿ ಮಾಡಿದಳು!

ಅಕ್ಟೋಬರ್. ಷರಾ: ಕಾಫಿ ಎರಡು ಲೋಟ, ಪುಟ್ಟಿಯದು. ದಿನವೂ ಅವಳೇ ಮಾಡುತ್ತಾಳೆ. ಅವಳ ಅಮ್ಮನಿಗೆ ಕುಡಿದರೆ ಹಾಯೆನಿಸುತ್ತದಂತೆ.

ನವೆಂಬರ್. ಷರಾ: ಕಾಫಿ ನಾಲ್ಕು ಲೋಟ. ಪುಟ್ಟಿ ಶಾಲೆಗೆ ಹೋಗುವ ಮುಂಚೆ ಹೂಜಿ ತುಂಬ ಮಾಡಿಟ್ಟಿದ್ದಳು. ಜಾಣೆ.

ಉಸಿರು ಬಿಗಿದಷ್ಟೂ ನಾನು ಕಾಫಿ ಮಾಡಿದೆ. ಕಾಫಿ ಮಾಡಿದಷ್ಟೂ ಅಂಕಿ ಏರಿತು. ಅಂಕಿ ಏರಿದಷ್ಟೂ ಗುಳಿಗೆ ಇಳಿಯಿತು.

ಯಾಕೆ ಹೇಳಲಿಲ್ಲ?

*

ಮಾರ್ಚ್ ೨೬

ಪುಟ್ಟಿ,

ಸಹಿ ಇಲ್ಲದ ಕಾಗದ ನೀನು ಎಂದೂ ಬರೆದವಳಲ್ಲ. ಬರೆಯಬೇಡ. ಹೆದರಿಕೆಯಾಗುತ್ತದೆ.

ಅತ್ತೆ ಮಾಡಿದ್ದು ಗೊತ್ತಾಯಿತು. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಮೂರನೆಯ ದಿನ ಕನ್ನಡಕ ಎಲ್ಲಿಟ್ಟೆ ಎಂದು ಅವಳನ್ನೇ ಕೇಳಬೇಕಾಯಿತು.

ಚಿಕ್ಕವಳಿದ್ದಾಗ ಕಥೆ ಹೇಳು ಎಂದು ನನ್ನ ತೋಳು ಜಗ್ಗುತ್ತಿದ್ದೆ. ನಾನು ರಾಜ, ರಾಣಿ, ಮಾತಾಡುವ ಗಿಳಿ ಎಂದು ಏನೇನೋ ಹೇಳುತ್ತಿದ್ದೆ. ಇದೊಂದನ್ನು ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳು.

ನಿನ್ನ ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಲ್ಯಾಬಿನವರಿಗೆಲ್ಲ ಒಂದು ತರಬೇತಿ ಇಟ್ಟಿದ್ದರು. ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಪಾಠ ಮಾಡುವವರು ಬಹಳ ಚಿಕ್ಕ ಪ್ರಾಯದವರು, ಬೋರ್ಡಿಗೆ ಮುಖ ಮಾಡಿಕೊಂಡೇ, "ಕಾಫಿ ಕುಡಿದಿದ್ದರೆ ಅಂಕಿ ಸುಳ್ಳಾಗಿ ಏರುತ್ತೆ, ಅದು ನಿಮಗೆಲ್ಲ ಗೊತ್ತೇ ಇದೆ" ಎಂದರು. ಎಂದು, ಮುಂದಿನ ವಿಷಯಕ್ಕೆ ಹೋದರು. ಸುತ್ತ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದು ರಿಜಿಸ್ಟರ್ ತೆಗೆದೆ. ನೀನು ಓದಿದ್ದನ್ನೇ ಓದಿದೆ.

ಅದೇ ಸಂಜೆ ನೀನು ಫಲಿತಾಂಶ ಹಿಡಿದು ಓಡಿ ಬಂದೆ. ನಾನು ಏನೂ ಹೇಳುವ ಮುಂಚೆ ನೀನು ಅಡುಗೆಮನೆಗೆ ಹೋಗಿ ಕಾಫಿ ಮಾಡಿ ತಂದೆ. ಹದಿನೇಳರ ಹುಡುಗಿ, ಎರಡೂ ಕೈಯಲ್ಲಿ ಲೋಟ, ಮುಖದ ತುಂಬ ನಗು. ಆ ಕಾಫಿಯನ್ನು ನಾನು ಹೇಗೆ ಕುಡಿಯಲಿ? ಕುಡಿದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಯಾಕೆ ಅಳುತ್ತೀರಿ ಎಂದು ನೀನು ಕೇಳುತ್ತಿದ್ದೆ. ಕೇಳಿದರೆ ನಾನು ಹೇಳಿಬಿಡುತ್ತಿದ್ದೆ. ಅದಕ್ಕೇ ಎದ್ದು ಹೋದೆ. ಗಲ್ಲಿಯ ಕೊನೆಯ ನಲ್ಲಿಯ ಹತ್ತಿರ ನಿಂತು ಮುಖ ತೊಳೆದೆ, ಬಂದೆ. ನೀನು ಕಾಫಿಯನ್ನು ಮೋರಿಗೆ ಸುರಿಯುತ್ತಿದ್ದೆ.

ಕಾಫಿ ಎಂಬ ಪದ ಒಂದನ್ನು ಹೇಳಿದ್ದರೆ ಸಾಕಿತ್ತು, ಉಳಿದದ್ದು ನಿನಗೇ ಹೊಳೆಯುತ್ತಿತ್ತು. ನನ್ನ ಮೇಲೆ ಕೋಪವಿದ್ದರೆ ನೀನು ಓದುತ್ತಿದ್ದೆ, ಬಾಗಿಲು ಬಡಿಯುತ್ತಿದ್ದೆ, ಕೊನೆಗೆ ಮನೆ ಬಿಟ್ಟು ಹೋಗಿ ದೊಡ್ಡವಳಾಗುತ್ತಿದ್ದೆ. ಹಾಗೇ ಆಯಿತು. ನಿನ್ನ ಮೇಲೆ ನಿನಗೇ ಕೋಪ ಬಂದಿದ್ದರೆ ಎಲ್ಲಿಗೆ ಹೋಗುತ್ತಿದ್ದೆ? ಆ ಕೋಪ ನಿನ್ನ ಬೆನ್ನಿಗೇ ಬರುತ್ತಿತ್ತು. ನನ್ನ ಮೇಲೆ ಇರಲಿ ಎಂದುಕೊಂಡೆ. ನನ್ನ ಬೆನ್ನು ಅಗಲವಾಗಿತ್ತು.

ಈಗ ನೀನೂ ಲ್ಯಾಬಿನವಳು, ಲ್ಯಾಬಿನವಳ ಹಾಗೆ ಕೇಳಿಸಿಕೋ. ಮೂರು ಗುಳಿಗೆಗೆ ಹದಿನಾಲ್ಕು ಬಂದಿತ್ತು. ಎರಡು ಗುಳಿಗೆಗೆ ಹತ್ತೊಂಬತ್ತು ಬಂತು. ಯಾವ ಪೆದ್ದನಿಗೂ ಇದು ಹೇಗೆ ಎಂದು ಅನ್ನಿಸಬೇಕು. ನನಗೂ ಅನ್ನಿಸಿತು. ನಾನು ಯಂತ್ರವನ್ನು ಕೇಳಲಿಲ್ಲ, ಅವಳನ್ನು ಕೇಳಿದೆ. ಕದ್ದು ನುಂಗ್ತಿದ್ದೀಯಾ ಎಂದು ಕೇಳಿದೆ. ಕಾಫಿ ಎಂದು ನನ್ನ ಕೈಯಿಂದಲೇ ಬರೆದ ಪುಟದ ಮೇಲೆ ಕೈಯಿಟ್ಟುಕೊಂಡು ಕೇಳಿದೆ. ಅವಳು ಡಬ್ಬಿಯನ್ನು ತಾನೇ ತಂದು ಕೊಟ್ಟಳು. "ಬೀಗ ಹಾಕ್ಕೊಳ್ಳಿ. ನಿಮಗೆ ಸಮಾಧಾನ ಆಗುತ್ತಲ್ಲ" ಎಂದಳು. ನೀನು ಬೀಗದ ಸದ್ದು ಮಾತ್ರ ಕೇಳಿದೆ. ಈ ಮಾತು ಬಾಗಿಲ ಹಿಂದಿನವರೆಗೆ ಬರಲಿಲ್ಲ. ಬರಬಾರದು ಎಂದೇ ಅವಳು ಅಷ್ಟು ಮೆಲ್ಲಗೆ ಹೇಳಿದಳು. ಜೋರಾಗಿ ಹೇಳಲು ಉಸಿರೂ ಇರಲಿಲ್ಲ.

ಇನ್ನೊಂದು ಮಾತು. ನಿನ್ನ ಬೇಕರಿಯವನು ಹೇಳಿದ್ದು ಸರಿ. ಕಾಫಿ ಅಂಕಿಗೆ ಸುಳ್ಳು ಹೇಳಿತು, ಎದೆಗೆ ಹೇಳಲಿಲ್ಲ. ಕುಡಿದ ಮೇಲೆ ಸ್ವಲ್ಪ ಹೊತ್ತು ಅವಳ ಉಸಿರು ನಿಜವಾಗಿಯೂ ಬಿಚ್ಚುತ್ತಿತ್ತು. ಆ ಮೂರು ತಿಂಗಳಲ್ಲಿ ಅವಳಿಗೆ ಸಿಕ್ಕ ಹಾಯಾದ ಹೊತ್ತೆಲ್ಲ ನೀನು ಕೊಟ್ಟದ್ದು. ನಾನು ಕೊಟ್ಟದ್ದು ಅಂಕಿ.

ಕಾಫಿ ಮಾಡಿದ್ದು ಹದಿಮೂರರ ಮಗು. ನಂಬಬಾರದ್ದನ್ನು ನಂಬಿದ್ದು ನಲವತ್ತರ ಗಂಡಸು. ಇವೆರಡನ್ನೂ ಒಂದೇ ಬಣ್ಣದ ಅಂಗಿ ಎಂದು ಎಣಿಸಬೇಡ. ನೀನು ಬೆಳಕಿನ ಯಂತ್ರವಲ್ಲ.

ಅಪ್ಪ

*

ಏಪ್ರಿಲ್ ೩೦

ಅಪ್ಪನಿಗೆ,

ಒಂದು ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ಕೈ ಷರಾ ಕಾಲಂನ ಆ "ಜಾಣೆ" ಎಂಬ ಪದದ ಹತ್ತಿರ ಹೋಗಿ ನಿಲ್ಲುತ್ತಿತ್ತು.

ನೀವು ಬರೆದದ್ದನ್ನು ಎಷ್ಟು ಸಲ ಓದಿದೆನೋ. ನಿಮ್ಮ ಲೆಕ್ಕ ಸರಿ ಎಂದು ಬುದ್ಧಿ ಒಪ್ಪುತ್ತದೆ. ಉಳಿದದ್ದು ಇನ್ನೂ ಒಪ್ಪಿಲ್ಲ. ಒಪ್ಪುತ್ತದೆ ಎಂದು ಸುಳ್ಳು ಬರೆಯುವುದಿಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಸುಳ್ಳು ಬರುವುದಿಲ್ಲವಂತೆ. ಬೆಳಗ್ಗೆ ಒಲೆ ಹಚ್ಚಿ ನೀರಿಟ್ಟು, ಪುಡಿಯ ಡಬ್ಬಿ ಕೈಗೆ ತೆಗೆದುಕೊಂಡು, ಮತ್ತೆ ಇಟ್ಟುಬಿಡುತ್ತೇನೆ. ಒಂದು ತಿಂಗಳಿಂದ ಬರೀ ಬಿಸಿನೀರು ಕುಡಿಯುತ್ತಿದ್ದೇನೆ.

ಇಪ್ಪತ್ತೊಂದು ವರ್ಷ ನಿಮ್ಮನ್ನು ಏನೇನು ಅಂದುಕೊಂಡೆ ಎಂದು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತು. ಗೊತ್ತಿದ್ದೂ ಅನ್ನಿಸಿಕೊಂಡಿರಿ.

ಸಭೆ ಮುಗಿಯಿತು. ದಿನದ ಕೆಲಸಕ್ಕೆ ಕಿಟ್, ಅನುಮಾನ ಬಂದದ್ದನ್ನು ಕಾಲೇಜಿನ ಕೊಳವೆಯ ಯಂತ್ರಕ್ಕೆ ಕಳಿಸುವುದು ಎಂದು ತೀರ್ಮಾನವಾಗಿದೆ. ಸ್ಟೋರ್ಸ್‌ನವರು, "ಆ ಹಳೇ ಯಂತ್ರ ಕೆಟ್ಟಿಲ್ಲವಲ್ಲ ಮೇಡಂ?" ಎಂದರು. ಕೆಟ್ಟಿಲ್ಲ, ಅದಕ್ಕೇ ಅಪಾಯ, ಎಂದೆ. ಬೇಕರಿಯವನ ಮೂರು ಅಂಕಿಗಳನ್ನು ಮೇಜಿನ ಮೇಲಿಟ್ಟೆ. ಅಮ್ಮನವನ್ನು ಇಡಲಿಲ್ಲ.

ಒಂದೇ ಒಂದಕ್ಕೆ ಜಗಳವಾಡಿದೆ. ರಕ್ತದ ಜೊತೆ ಬರುವ ಫಾರಂನಲ್ಲಿ ಎರಡು ಹೊಸ ಸಾಲು ಹಾಕಿಸಿದ್ದೇನೆ. ಅವು ಖಾಲಿ ಇದ್ದರೆ ರಕ್ತ ತೆಗೆದುಕೊಳ್ಳುವುದಿಲ್ಲ. ರೋಗಿಯ ಮಾತಿಗೂ ಅಂಕಿಗೂ ತಾಳೆಯಾಗದಿದ್ದರೆ ವರದಿ ಹೊರಗೆ ಹೋಗುವುದಿಲ್ಲ. ಎದೆಯ ಡಾಕ್ಟರು, "ಇದೇನ್ರೀ, ಲ್ಯಾಬಾ, ಹರಟೆಕಟ್ಟೆಯಾ?" ಎಂದರು. ಎರಡೂ ಎಂದೆ.

ಅಚ್ಚಾಗಿ ಬಂದ ಮೊದಲ ಫಾರಂ ಇಟ್ಟಿದ್ದೇನೆ. ಹಳೆಯ ಕೈ ನೋಡಿ, ತಪ್ಪಿದ್ದರೆ ಹೇಳಲಿ.

ಜೂನ್ ಮೊದಲ ವಾರ ರಜೆ ಕೇಳಿದ್ದೇನೆ. ರಿಜಿಸ್ಟರನ್ನೂ ಸೀರೆಯನ್ನೂ ನಾನೇ ತಂದು ಕೊಡುತ್ತೇನೆ. ಅಂಚೆಗೆ ಕೊಡಲು ಮನಸ್ಸಿಲ್ಲ.

ನಿಮ್ಮ ಪುಟ್ಟಿ

*

ಮೇ ೧೧

ಪುಟ್ಟಿ,

ಬಾ. ಅತ್ತೆ ಈಗಲೇ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಗಡಿಯಾರದವನಿಗೆ, ನನ್ನ ಮಗಳು ಬರುವ ದಿನ ನಿನ್ನ ಅಂಗಡಿಯ ಗಡಿಯಾರವೆಲ್ಲ ಒಂದೇ ಹೊತ್ತು ತೋರಿಸಬೇಕು ಎಂದಿದ್ದೇನೆ. ಆಗಲ್ಲ ಯಜಮಾನ್ರೇ ಎನ್ನುತ್ತಾನೆ.

ಫಾರಂನಲ್ಲಿ ತಪ್ಪಿಲ್ಲ. ತಪ್ಪಿದೆಯೇ ಎಂದು ತಿಳಿಯಬೇಕಾದರೆ ಒಂದನ್ನು ತುಂಬಿ ನೋಡಬೇಕು ಎಂದು ನಾವು ಕಲಿತವರು. ತುಂಬಿದ್ದೇನೆ. ಇದರ ಜೊತೆ ಇದೆ.

ಅಪ್ಪ

*

ರೋಗಿ: ನಿನ್ನ ಅಮ್ಮ

ಗುಳಿಗೆ ನುಂಗಿದ ಹೊತ್ತು: ಬೆಳಗ್ಗೆ ಆರು

ರಕ್ತ ತೆಗೆದ ಹೊತ್ತು: ಬೆಳಗ್ಗೆ ಒಂಬತ್ತು

ಹಿಂದಿನ ದಿನದಿಂದ ಕುಡಿದ ಕಾಫಿ, ಟೀ (ಎಷ್ಟು ಲೋಟ): ನಾಲ್ಕು

ರೋಗಿಯ ಮಾತು, ಅವರದೇ ಮಾತಿನಲ್ಲಿ: ಎದೆ ಬಿಗೀತಿದೆ ಕಣ್ರೀ

ಅಂಕಿ: ಹತ್ತೊಂಬತ್ತು

ವರದಿ: ತಡೆಹಿಡಿದಿದೆ. ರೋಗಿ ಹೇಳುತ್ತಿರುವುದು ನಿಜ.

ಷರಾ: ಕಾಫಿ ಪುಟ್ಟಿ ಮಾಡಿದ್ದು. ಚೆನ್ನಾಗಿತ್ತಂತೆ.